ಮನೆಶಾಲೆಯ ಕ್ಷೇತ್ರೋತ್ಸವ

ನಮ್ಮ ಮನೆಯವರಿಗೆ ರಾಣೆಬೆನ್ನೂರಿನಲ್ಲಿ ಬೀಜದಂಗಡಿ ಇದೆ. ಈ ಊರಿನಲ್ಲಿ ಅದೇನೂ ವಿಶೇಷವಲ್ಲ, ಎತ್ತ ತಿರುಗಿದರೂ ಯಾವುದಾದರೊಂದು ಬೀಜದ ಕಂಪನಿಯ ಬೋರ್ಡು ಕಣ್ಣಿಗೆ ಬೀಳುತ್ತದೆ. ವಿಶೇಷವೆಂದರೆ, ಇವರು ಶಟರ್ ಎಳೆದು ಮನೆಗೆ ಬಂದ ಮೇಲೂ ಬೀಜದಂಗಡಿಯವರಾಗಿಯೇ ಉಳಿಯುತ್ತಾರೆ. ಫ್ಯಾನು ಕೊಳ್ಳುವುದಿರಲಿ, ಹಲ್ಲಿನ ಡಾಕ್ಟರನ್ನು ಹುಡುಕುವುದಿರಲಿ, ಇವರ ಪ್ರಶ್ನೆ ಒಂದೇ: "ಯಾರರ ಹಾಕಿ ನೋಡ್ಯಾರೇನು? ಹೆಂಗ ಬಂದೈತಿ?" ನನ್ನನ್ನು ನೋಡಲು ಬಂದಾಗಲೂ ಅಷ್ಟೇ. ಮೊದಲೇ ಮದುವೆಯಾಗಿದ್ದ ನನ್ನ ಅಕ್ಕ ಗಂಡನ ಮನೆಯಲ್ಲಿ ಹೇಗೆ ಬಾಳುತ್ತಿದ್ದಾಳೆ ಎಂದು ನಾಲ್ಕು ಕಡೆ ವಿಚಾರಿಸಿ, ಅದೇ ತಳಿ ಎಂದು ಖಾತ್ರಿಯಾದ ಮೇಲೆ ಹೂಂ ಅಂದರಂತೆ. ಅಕ್ಕ ತಣ್ಣಗಿನ ಸ್ವಭಾವದವಳು. ನಾನು ಹಾಗಲ್ಲ ಎಂಬುದು ಇವರಿಗೆ ಮದುವೆಯಾದ ಮೇಲೆ ತಿಳಿಯಿತು.

ಇಂಥವರ ಮನೆಯಲ್ಲಿ ಮಗಳನ್ನು ಶಾಲೆ ಬಿಡಿಸುವ ಪ್ರಸಂಗ ಬಂತು.

ಮಗಳು ಮೂರನೆಯ ಇಯತ್ತೆಯಲ್ಲಿದ್ದಳು, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಅವಳು ಬಾಯಿ ತೆರೆದರೆ ಮುಚ್ಚುವವಳಲ್ಲ. ಅಜ್ಜಿಯ ಜೊತೆ ಮಾತಿಗೆ ಮಾತು ಕೂಡಿಸಿ ಅಜ್ಜಿಯನ್ನೇ ಸುಸ್ತು ಮಾಡುತ್ತಿದ್ದಳು. ಆದರೆ ಅವಳ ತರಗತಿಯಲ್ಲಿ ಒಂದು ಕಾನೂನಿತ್ತು: ಯಾರ ಬಾಯಿಂದ ಕನ್ನಡ ಬಂತೋ ಅವರು ಆ ಪಿರಿಯಡ್ ಮುಗಿಯುವವರೆಗೆ ಎದ್ದು ನಿಲ್ಲಬೇಕು. ಇವಳಿಗೆ ಉತ್ತರ ಗೊತ್ತು, ಇಂಗ್ಲಿಷ್ ಬಾರದು. ಕನ್ನಡದಲ್ಲಿ ಹೇಳಿದಳು, ನಿಂತಳು. ನಿಂತು ನಿಂತು ಸಾಕಾಗಿ ಮಾತಾಡುವುದನ್ನೇ ಬಿಟ್ಟಳು. ಮೊದಲು ತರಗತಿಯಲ್ಲಿ, ಆಮೇಲೆ ಚರ್ಚಿನ ಸಂಡೇ ಸ್ಕೂಲಿನಲ್ಲಿ, ಆಮೇಲೆ ಕಿರಾಣಿ ಅಂಗಡಿಯಲ್ಲೂ. ಹೊರಗಿನವರು ಹೆಸರು ಕೇಳಿದರೂ ಸಾಕು, ಫ್ರಾಕಿನ ಅಂಚು ಹಿಡಿದುಕೊಂಡು ನೆಲ ನೋಡುತ್ತ ನಿಂತುಬಿಡುತ್ತಿದ್ದಳು. ಬೆಳಿಗ್ಗೆ ಶಾಲೆಯ ವ್ಯಾನಿನ ಹಾರ್ನ್ ಕೇಳಿಸಿದರೆ ತಿಂದದ್ದೆಲ್ಲ ಕಕ್ಕುತ್ತಿದ್ದಳು. ದಸರಾ ರಜೆ ಮುಗಿದ ದಿನ ಬಚ್ಚಲಲ್ಲಿ ಅವಳ ಬೆನ್ನು ಸವರುತ್ತ ಕೂತಾಗ ನನ್ನ ಪಿತ್ತ ನೆತ್ತಿಗೇರಿತು. ಸಾಕು ಅಂದೆ. ಇನ್ನು ಮನೆಯಲ್ಲೇ ಕಲಿಸುತ್ತೇನೆ, ಇವಳು ಮೊದಲಿನ ಹಾಗೆ ಎಲ್ಲರೊಡನೆ ಮಾತಾಡಿದರೆ ನನಗೆ ಅಷ್ಟೇ ಸಾಕು, ಮಗ್ಗಿ ಬರದಿದ್ದರೂ ಚಿಂತೆಯಿಲ್ಲ ಅಂದೆ.

ನಾವು ಕ್ರೈಸ್ತರು. ನಮ್ಮ ಸಭೆ ಸಣ್ಣದು, ಎಲ್ಲರ ಮನೆಯ ಸಮಾಚಾರವೂ ಎಲ್ಲರಿಗೂ ಗೊತ್ತಿರುತ್ತದೆ. ಹರಟೆ ಹೊಡೆಯುವುದು ಪಾಪ, ಆದ್ದರಿಂದ ನಾವು ಅದನ್ನು ಪ್ರಾರ್ಥನಾ ಕೂಟದಲ್ಲಿ ಕಣ್ಣು ಮುಚ್ಚಿಕೊಂಡು ಮಾಡುತ್ತೇವೆ. ಇವರು ಹೋಗಿ ಆ ಕೂಟದಲ್ಲಿ, "ಮಗಳನ್ನ ಸಾಲಿ ಬಿಡಿಸೇವ್ರಿ, ಅಕಿ ಓದಿನ ಸಲುವಾಗಿ ಪ್ರಾರ್ಥನಾ ಮಾಡ್ರಿ" ಅಂದುಬಿಟ್ಟರು. ಆ ಪ್ರಾರ್ಥನೆ ಮೇಲಕ್ಕೆ ಎಷ್ಟು ಬೇಗ ಮುಟ್ಟಿತೋ ಗೊತ್ತಿಲ್ಲ. ಹಾವೇರಿಗೆ, ಬ್ಯಾಡಗಿಗೆ ಮಾತ್ರ ಮರುದಿನವೇ ಮುಟ್ಟಿತು.

ಮೊದಲು ಬಂದವರು ಹಾವೇರಿಯ ಪಾಸ್ಟರಮ್ಮ. ಅವರ ಯಜಮಾನರು ಅಲ್ಲಿನ ಸಭೆಯ ಪಾಸ್ಟರ್. ಕೈಯಲ್ಲೊಂದು ಕೆಂಪು ಡಬ್ಬಿ. ಅಮೆರಿಕದಲ್ಲಿ ಕ್ರೈಸ್ತ ತಂದೆತಾಯಂದಿರು ಮಕ್ಕಳಿಗೆ ಮನೆಯಲ್ಲೇ ಕಲಿಸಲೆಂದು ಮಾಡಿದ ಪಠ್ಯಕ್ರಮವಂತೆ, ಇಡೀ ವರ್ಷದ ಪಾಠ ಡಬ್ಬಿಯೊಳಗೇ ಇದೆಯಂತೆ. ಪಾಸ್ಟರಮ್ಮ ಈ ಜಿಲ್ಲೆಗೆ ಅದರ ಏಜೆಂಟ್ ಎಂಬ ವಿಷಯ ಚಹಾದ ಎರಡನೆಯ ಕಪ್ಪಿನ ಹೊತ್ತಿಗೆ ಹೊರಬಿತ್ತು. ಅದರಲ್ಲಿ ಗಣಿತಕ್ಕೂ ನೀತಿ ಸೇರಿಸಿದ್ದರು. ಒಬ್ಬ ಹುಡುಗ ನೆರೆಮನೆಯ ಮರದಿಂದ ಐದು ಸೇಬು ಕದ್ದ, ಎರಡು ತಿಂದ. ಉಳಿದದ್ದೆಷ್ಟು? ಹುಡುಗ ಈಗ ಏನು ಮಾಡಬೇಕು? ಮೂರು ಎಂದು ಬರೆದರೆ ಅರ್ಧ ಅಂಕ. ಕ್ಷಮೆ ಕೇಳಬೇಕು ಎಂದೂ ಬರೆದರೆ ಪೂರ್ತಿ.

ಎರಡನೆಯದು ಬ್ಯಾಡಗಿಯಿಂದ ಬಂತು. ನನ್ನ ನಾದಿನಿಯನ್ನು ಅಲ್ಲಿನ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಗೆ ಕೊಟ್ಟಿದೆ. ಅವಳು ತನ್ನ ಮಗನಿಗೆಂದು ಹಸಿರು ಡಬ್ಬಿ ತರಿಸಿದ್ದಳು. ಮಗ ಶಾಲೆಗೇ ಹೋಗುತ್ತಾನೆ, ಡಬ್ಬಿ ಶೋಕೇಸಿನಲ್ಲಿದೆ. ಇದರಲ್ಲಿ ಪಾಠಗಳೇ ಇಲ್ಲ, ಬರೀ ದಪ್ಪ ದಪ್ಪ ಕಥೆಪುಸ್ತಕ, ಜೊತೆಗೆ ದಿನಾ ಒಂದು ತಾಸು ಹೊರಗೆ ಸುತ್ತಾಡಿ ದೇವರ ಸೃಷ್ಟಿಯನ್ನು ನೋಡಿ ಚಿತ್ರ ಬರೆಯಬೇಕು. "ವೈನಿ, ಪಾಸ್ಟರಮ್ಮನ ಡಬ್ಬಿ ತಗೋಬ್ಯಾಡ್ರಿ, ಹುಡುಗಿ ಗುಮಾಸ್ತ ಆಗ್ತಾಳ. ಇದರಾಗ ಆತ್ಮಕ್ಕ ಊಟ ಐತಿ" ಅಂದಳು. ಆತ್ಮದ ಊಟವನ್ನು ರುಚಿ ನೋಡಲು ಮಗಳನ್ನು ಕರೆದುಕೊಂಡು ಅವಳ ಊರಿಗೇ ಹೋದೆವು. ಮೆಣಸಿನಕಾಯಿ ಸುಗ್ಗಿ ಶುರುವಾಗಿತ್ತು. ಸೃಷ್ಟಿ ವೀಕ್ಷಣೆಗೆಂದು ಬೀದಿಗಿಳಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಮೂವರಿಗೂ ಸೀನು ಹತ್ತಿತು. ಕಣ್ಣು ಮೂಗು ಒಟ್ಟಿಗೆ ಸುರಿಯುತ್ತಿರುವಾಗ ನಾದಿನಿ ಪುಸ್ತಕ ತೆರೆದು, ಹಿಮದ ಮೇಲೆ ಹಕ್ಕಿಯ ಹೆಜ್ಜೆ ಗುರುತು ಹುಡುಕಿ ಎಂಬ ಸಾಲನ್ನು ಓದಿದಳು. ಹುಡುಕಿದೆವು. ಅಡತಿ ಅಂಗಡಿಯ ಮುಂದೆ ಚೀಲದ ಮೇಲೆ ಒಂದು ಕಾಗೆ ಕೂತಿತ್ತು. ಅದು ಮಾತ್ರ ಸೀನುತ್ತಿರಲಿಲ್ಲ.

ಮೂರನೆಯದನ್ನು ಇವರೇ ಹುಡುಕಿದರು. ಅದಕ್ಕೆ ಡಬ್ಬಿಯಿಲ್ಲ, ಎಲ್ಲ ಟ್ಯಾಬಿನಲ್ಲಿ ವಿಡಿಯೋ. ಬಂಗಾರದ ಕೂದಲಿನ ಒಬ್ಬ ಟೀಚರ್ ಬಂದು, "ಗುಡ್ ಮಾರ್ನಿಂಗ್! ಇವತ್ತು ಹೇಗಿದ್ದೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಕೇಳಿ ನಗುತ್ತ ತುಸು ಹೊತ್ತು ಕಾಯುತ್ತಾಳೆ. ನಾವು ಉತ್ತರ ಹೇಳಿದರೂ ಸರಿ, ಗೋಡೆ ನೋಡಿದರೂ ಸರಿ, ಎದ್ದು ನೀರು ಕುಡಿಯಲು ಹೋದರೂ ಸರಿ, "ವೆರಿ ಗುಡ್! ನನಗೆ ತುಂಬಾ ಸಂತೋಷವಾಯಿತು!" ಅನ್ನುತ್ತಾಳೆ. ಇವರಿಗೆ ಬಹಳ ಹಿಡಿಸಿತು.

"ನೋಡು, ಈಕಿ ಎಂದರ ಬೈತಾಳೇನು?" ಅಂದರು.

"ಮೂಕಿಯಾಗಿ ಕೂತಾಕಿಗೂ ವೆರಿ ಗುಡ್ ಅಂತಾಳಲ್ರೀ, ನಮ್ಮ ಹುಡುಗಿ ಇನ್ನ ಬಾಯಿ ಯಾಕ ಬಿಡ್ತಾಳ?" ಅಂದೆ. ಇವರು ಕೇಳಿಸಿಕೊಳ್ಳಲಿಲ್ಲ.

ಆಮೇಲಿನ ಒಂದೆರಡು ತಿಂಗಳು ನಮ್ಮ ಮನೆ ಹೆಣ್ಣು ನೋಡುವ ಮನೆಯಂತಾಯಿತು. ಮೂರೂ ಕಂಪನಿಯವರು ತಾವು ಏನೇನು ನಂಬುತ್ತೇವೆಂಬ ವಿಶ್ವಾಸಪ್ರಮಾಣವನ್ನು ಮೊದಲಿಗೇ ಹಾಕಿದ್ದರು, ಮೂವರೂ ತಮ್ಮದೊಂದೇ ಪೂರ್ತಿ ಸತ್ಯವೇದದ ಆಧಾರದ್ದು ಎಂದು ಆಣೆ ಮಾಡಿದ್ದರು. ಹಾವೇರಿಯ ಪಾಸ್ಟರ್ ಫೋನ್ ಮಾಡಿ, ವಿಡಿಯೋ ಕಂಪನಿಯವರು ದೀಕ್ಷಾಸ್ನಾನಕ್ಕೆ ನೀರಿನಲ್ಲಿ ಮುಳುಗಿಸುತ್ತಾರೋ ಬರೀ ತಲೆಗೆ ಚಿಮುಕಿಸುತ್ತಾರೋ ವಿಚಾರಿಸಿದಿರಾ ಎಂದು ಕೇಳಿದರು. ನಮ್ಮಲ್ಲಿ ಸಭೆ ಸಭೆಗೂ ಜಗಳವಿರುವುದು ಇದೇ ವಿಷಯಕ್ಕೆ. ಮೂರನೆಯ ಇಯತ್ತೆಯ ಗುಣಾಕಾರಕ್ಕೆ ಅದರಿಂದ ಏನಾಗಬೇಕೋ ನನಗೆ ತಿಳಿಯಲಿಲ್ಲ. ಆದರೂ ರಾತ್ರಿ ಊಟ ಮಾಡಿ ಫೋನು ಹಿಡಿದು ಕೂತು ಅದನ್ನೂ ಪತ್ತೆ ಹಚ್ಚಿದೆ. ಮೊದಲನೆಯವರು ಮುಳುಗಿಸುತ್ತಾರೆ, ಎರಡನೆಯವರು ಚಿಮುಕಿಸುತ್ತಾರೆ, ಮೂರನೆಯವರು ಆ ಪ್ರಶ್ನೆಗೆ ಉತ್ತರ ಕೊಡದೆ ಒಂದು ರಿಯಾಯಿತಿಯ ಕೂಪನ್ ಕಳಿಸಿದರು. ಅತ್ತೆಯವರು ಒಂದೊಂದೇ ಪುಸ್ತಕ ತಿರುವಿಹಾಕಿ, "ಇದರಾಗ ಕನ್ನಡ ಎಲ್ಲೈತ್ಯವ್ವಾ?" ಎಂದು ಕೇಳಿದರು. ಎಲ್ಲಿಯೂ ಇರಲಿಲ್ಲ. "ದೇವರು ನನ್ನ ಕೂಡ ಇಷ್ಟ ವರ್ಷ ಯಾವ ಭಾಷಾದಾಗ ಮಾತಾಡ್ಯಾನು ಹಂಗಾರ?" ಎಂದು ಕನ್ನಡಕ ತೆಗೆದಿಟ್ಟರು.

ಕಡೆಗೆ ತೀರ್ಮಾನ ಹೇಳಿದವರು ನಮ್ಮ ಮನೆಯವರೇ. ಮೇಡ್ಲೇರಿಯಲ್ಲಿ ನಮ್ಮದೊಂದು ಹೊಲವಿದೆ. ಹೊಸ ತಳಿ ಬಂದಾಗ ಕಂಪನಿಯವರು ಅಲ್ಲಿ ಒಂದೊಂದು ಸಾಲು ಹಾಕಿಸಿ, ಬೋರ್ಡು ನೆಟ್ಟು, ಫಸಲು ಬಂದಾಗ ಸುತ್ತಲಿನ ರೈತರನ್ನು ಕರೆಸಿ ತೋರಿಸುತ್ತಾರೆ. ಅದಕ್ಕೆ ಕ್ಷೇತ್ರೋತ್ಸವ ಅನ್ನುತ್ತಾರೆ. ರೈತರು ಬರುತ್ತಾರೆ, ಕಾಯಿ ಮುರಿದು ನೋಡುತ್ತಾರೆ, ಪಲಾವು ತಿಂದು ಕಂಪನಿ ಕೊಟ್ಟ ಟೋಪಿ ಹಾಕಿಕೊಂಡು ಹೋಗುತ್ತಾರೆ.

"ಮೂರೂ ಹಾಕಿ ನೋಡೂಣು" ಅಂದರು ಇವರು. "ಸೋಮವಾರ ಮಂಗಳವಾರ ಕೆಂಪು, ಬುಧವಾರ ಗುರುವಾರ ಹಸಿರು, ಶುಕ್ರವಾರ ಶನಿವಾರ ವಿಡಿಯೋ. ಯಾವ್ದು ಛಲೋ ಬರ್ತೈತಿ ಅದನ್ನ ಇಟ್ಕೊಂಡ್ರಾತು."

"ಅಕಿ ಏನು ಟೊಮೆಟೊ ಗಿಡಾನ್ರೀ?"

"ಹೊಲ ನೋಡ್ದ ಬೀಜ ಹಾಕಬಾರದು. ನಿನಗ ತಿಳಿಯೂದಿಲ್ಲ ಬಿಡು."

ತಿಳಿಯದವಳಾದ ನಾನೇ ಕಲಿಸಬೇಕಿತ್ತಲ್ಲ, ಕಲಿಸಿದೆ. ಇವರು ರಟ್ಟಿನಲ್ಲಿ ಮೂರು ಬೋರ್ಡು ಬರೆದು ಪಡಸಾಲೆಯ ಮೂರು ಮೂಲೆಗೆ ಸಿಕ್ಕಿಸಿದರು. ತನ್ನ ಹೊಲದಲ್ಲಿ ಒಂದು ತಳಿಯ ಪರಾಗ ಇನ್ನೊಂದಕ್ಕೆ ಹಾರಬಾರದೆಂದು ಎಷ್ಟೋ ಮಾರು ಜಾಗ ಖಾಲಿ ಬಿಡಿಸುವ ಮನುಷ್ಯ, ಮಗಳ ತಲೆಯಲ್ಲಿ ಆ ಜಾಗವನ್ನು ಎಲ್ಲಿ ಬಿಡುವುದೆಂದು ಯೋಚಿಸಿರಲಿಲ್ಲ. ತಿಂಗಳಾಗುವಷ್ಟರಲ್ಲಿ ಮೂರೂ ಬೆರೆತು ಹೋದವು. ಲೆಕ್ಕದಲ್ಲಿ ರೈಲು ಎಷ್ಟು ಗಂಟೆಗೆ ಮುಟ್ಟುತ್ತದೆ ಎಂದು ಕೇಳಿದರೂ ಕೆಳಗೆ ಕ್ಷಮೆ ಕೇಳಬೇಕು ಎಂದು ಬರೆಯುತ್ತಿದ್ದಳು. ಹಿತ್ತಲಲ್ಲಿದ್ದ ಕರಿಬೇವಿನ ಗಿಡಕ್ಕೆ ಪುಸ್ತಕದಲ್ಲಿದ್ದಂಥ ಎಲೆ ಉದುರುವ ಶರತ್ಕಾಲ ಬಂದಿದೆಯೇ ಎಂದು ದಿನಾ ಎಲೆ ಎಣಿಸುತ್ತಿದ್ದಳು. ಅಜ್ಜಿ, "ಊಟ ಮಾಡ್ತೀಯೇನ ನಮ್ಮವ್ವಾ?" ಎಂದರೆ ತುಸು ಹೊತ್ತು ನಗುತ್ತ ಸುಮ್ಮನಿದ್ದು, "ವೆರಿ ಗುಡ್!" ಅನ್ನುತ್ತಿದ್ದಳು. ಅತ್ತೆಯವರು ಹೆದರಿ ನನ್ನನ್ನು ಕರೆದು, ಹುಡುಗಿಗೆ ಎಣ್ಣೆ ಹಚ್ಚಿ ತಲೆ ಎರೆದು ಎಷ್ಟು ದಿನವಾಯಿತು ಎಂದು ಕೇಳಿದರು.

ನಗುತ್ತಿದ್ದೆ, ನಿಜ. ಆದರೆ ಒಳಗೆ ನನಗೆ ಸಮಾಧಾನವಿರಲಿಲ್ಲ. ವಾಂತಿ ನಿಂತಿತ್ತು, ನಿದ್ದೆ ಸರಿಹೋಗಿತ್ತು. ಮಾತು ಮಾತ್ರ ಮನೆಯ ಹೊಸ್ತಿಲು ದಾಟಿರಲಿಲ್ಲ. ಹಾಲು ಹಾಕುವವರು ಬಂದರೂ ಒಳಗೆ ಓಡಿಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಟ್ಯಾಬಿನ ಟೀಚರಿಗೆ ಬೆನ್ನು ಮಾಡಿ ಕೂತು, ಬೊಂಬೆಯೊಂದಕ್ಕೆ ಕನ್ನಡದಲ್ಲಿ ಪಾಠ ಹೇಳುತ್ತಿರುವುದನ್ನು ಬಾಗಿಲ ಸಂದಿಯಿಂದ ನೋಡಿದೆ. ಎಷ್ಟು ಚೆನ್ನಾಗಿ ಹೇಳುತ್ತಿದ್ದಳು! ನನಗೆ ಅಳು ಬಂತು. ಈ ಹುಡುಗಿ ಜೀವಮಾನವಿಡೀ ಬೊಂಬೆಯ ಜೊತೆಗೇ ಮಾತಾಡುವಂತಾದರೆ ಎಂಬ ಹೆದರಿಕೆ ಹೊಕ್ಕಿತು.

ಅಂಥ ಹೊತ್ತಿನಲ್ಲಿ ಇವರು ಕ್ಷೇತ್ರೋತ್ಸವ ಘೋಷಿಸಿದರು.

"ಅಕೀನ್ನ ಮಂದಿ ಮುಂದ ನಿಲ್ಲಸ್ತೀರೇನು?" ಎಂದು ನಾನು ಸೌಟು ಹಿಡಿದುಕೊಂಡೇ ಹೊರಬಂದೆ.

"ಏ ಇಲ್ಲಪಾ, ಬರೇ ಪುಸ್ತಕ ಇಡೂದು, ಬಂದವರು ನೋಡಿ ಹೇಳೂದು. ಅಕಿ ತನ್ನ ಪಾಡಿಗೆ ಆಡ್ತಾಳ" ಅಂದರು. ಬೀಜ ಮಾರುವವರ ಮಾತನ್ನು ನಂಬಿದೆ.

ರವಿವಾರ ಆರಾಧನೆ ಮುಗಿಸಿ ಎಲ್ಲರೂ ಬಂದರು. ಹಾವೇರಿಯಿಂದ ಪಾಸ್ಟರ್ ಮತ್ತು ಪಾಸ್ಟರಮ್ಮ, ಬ್ಯಾಡಗಿಯಿಂದ ನಾದಿನಿ ಮತ್ತು ಅವಳ ಗಂಡ, ನಮ್ಮ ಸಭೆಯ ಏಳೆಂಟು ಜನ, ಜೊತೆಗೆ ಪಕ್ಕದ ಮನೆಯ ನಿವೃತ್ತ ತಹಶೀಲ್ದಾರರು. ತಹಶೀಲ್ದಾರರು ಹಿಂದೂಗಳು, ಅವರಿಗೆ ಪಠ್ಯಕ್ರಮದ ಮೇಲೆ ಯಾವ ಅಭಿಪ್ರಾಯವೂ ಇರಲಿಲ್ಲ, ನಾನು ಮಂಡಕ್ಕಿ ಕಲಸಿ ಮಾಡಿದ್ದ ಗಿರ್ಮಿಟ್ಟಿನ ಮೇಲೆ ಇತ್ತು. ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ಬಂದಿದ್ದವು. ಟೇಬಲ್ಲಿನ ಮೇಲೆ ಮೂರು ಬೋರ್ಡು, ಮೂರರ ಮುಂದೆ ಮಗಳು ಬರೆದ ಹಾಳೆಗಳು. ನಾದಿನಿಯ ಗಂಡ ಒಂದು ಹಾಳೆಯನ್ನು ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದು ನೋಡಿದರು. ಮೆಣಸಿನಕಾಯಿ ನೋಡಿ ನೋಡಿ ರೂಢಿಯಾಗಿತ್ತು, ಪಾಪ.

ಪಾಸ್ಟರ್ ಪ್ರಾರ್ಥನೆ ಮಾಡಿದರು. ಪ್ರಾರ್ಥನೆಯಲ್ಲೇ ದೇವರಿಗೆ ಕೆಂಪು ಡಬ್ಬಿಯ ಗುಣಗಳನ್ನು ನೆನಪಿಸಿಕೊಟ್ಟರು. ಆಮೆನ್ ಅಂದು ಕಣ್ಣು ತೆರೆದದ್ದೇ ತಡ, ಪಾಸ್ಟರಮ್ಮ ಕೈಚಾಚಿದರು.

"ಬಾರವ್ವ ಬಂಗಾರಾ, ಒಂದು ಬೈಬಲ್ ವಾಕ್ಯ ಹೇಳು. ನಮ್ಮ ಪುಸ್ತಕದಾಗ ಕಲ್ತೀಯಲ್ಲ."

ನಾನು ಇವರ ಮುಖ ನೋಡಿದೆ. ಇವರು ಸೂರು ನೋಡಿದರು. ಅಷ್ಟರಲ್ಲಿ ನಾದಿನಿ, "ವಾಕ್ಯ ಯಾಕ, ಕಾಗಿ ಚಿತ್ರ ಬರದಾಳಲ್ಲ, ಅದರ ಬಗ್ಗೆ ಹೇಳಲಿ" ಅಂದಳು. ಇವರೂ ಸುಮ್ಮನಿರಲಿಲ್ಲ. "ಇಂಗ್ಲಿಷಿನಾಗ ಗುಡ್ ಮಾರ್ನಿಂಗ್ ಅಂತ ಶುರು ಮಾಡು, ಪುಟ್ಟಿ" ಅಂದುಬಿಟ್ಟರು. ಯಾರೋ ಅವಳ ತೋಳು ಹಿಡಿದು ಟೇಬಲ್ಲಿನ ಮುಂದೆ ತಂದು ನಿಲ್ಲಿಸಿದರು. ಫ್ರಾಕಿನ ಅಂಚು ಮುದ್ದೆಯಾಗಿ ಮುಷ್ಟಿಯೊಳಗೆ ಹೋಯಿತು. ಕಣ್ಣು ನೆಲದಲ್ಲಿ. ಇಷ್ಟು ತಿಂಗಳು ಪಾಡುಪಟ್ಟು ಯಾವ ತರಗತಿಯಿಂದ ಅವಳನ್ನು ಎತ್ತಿಕೊಂಡು ಬಂದಿದ್ದೆನೋ ಅದೇ ತರಗತಿ ನನ್ನ ಪಡಸಾಲೆಯಲ್ಲಿ ಕೂತಿತ್ತು, ಗಿರ್ಮಿಟ್ಟು ತಿನ್ನುತ್ತ. ತಟ್ಟೆ ಕೆಳಗಿಟ್ಟು, ಒಬ್ಬೊಬ್ಬರಿಗೂ ಮುಖದ ಮೇಲೆ ಹೊಡೆದಂತೆ ಏನು ಹೇಳಬೇಕೆಂದು ಬಾಯಲ್ಲಿ ಸಿದ್ಧಮಾಡಿಕೊಂಡು ಎದ್ದೆ.

ಅವಳೇ ಮೊದಲು ಬಾಯಿ ಬಿಟ್ಟಳು.

"ಯಾವ್ದು ಆರಿಸಿದ್ರೂ ನಾ ಒಬ್ಬಾಕೀನ ಕುಂತು ಓದಬೇಕೇನು?"

ಸ್ಪಷ್ಟವಾಗಿ, ಒಂದು ಅಕ್ಷರವೂ ತಡವರಿಸದೆ, ಕೂತವರೆಲ್ಲರಿಗೂ ಕೇಳುವ ಹಾಗೆ. ನೆಲದಿಂದ ಕಣ್ಣೆತ್ತಿ, ಪಾಸ್ಟರನ್ನೇ ನೋಡುತ್ತ ಕೇಳಿದಳು.

ತಹಶೀಲ್ದಾರರು ಬಾಯಿಗೆ ಒಯ್ದ ಚಮಚವನ್ನು ಅಲ್ಲೇ ತಡೆದರು. ಆಮೇಲೆ ಪಾಸ್ಟರಮ್ಮ ಚಪ್ಪಾಳೆ ತಟ್ಟಿದರು.

"ನೋಡಿದ್ರೇನ್ರಿ! ಎಷ್ಟ ಧೈರ್ಯಾ ಬಂದೈತಿ! ತಾನ ಓದಿ ತಾನ ತಿದ್ದಿಕೊಳ್ಳೂದು ನಮ್ಮ ಪುಸ್ತಕದಾಗ ಐತಲ್ಲ, ಅದರದ ಇದು."

"ಎಲ್ಲೀದ್ರಿ!" ನಾದಿನಿ ಎದ್ದು ನಿಂತಳು. "ಪ್ರಶ್ನಾ ಕೇಳೂದು ನಮ್ಮ ಕಥಿ ಪುಸ್ತಕದ್ದು. ನಿಮ್ಮದರಾಗ ಬರೇ ಖಾಲಿ ಜಾಗ ತುಂಬೂದು."

"ತುಸು ತಡದು ಮಾತಾಡಿದ್ಲಲ್ಲ," ಎಂದರು ನಮ್ಮ ಮನೆಯವರು, ಮುಖ ಅರಳಿಸಿಕೊಂಡು, "ಅದು ವಿಡಿಯೋದ ಪದ್ಧತಿ."

ಫಸಲು ಯಾವ ಬೀಜದ್ದು ಎಂಬ ವಾದ ಕಾವೇರಿತು. ಮುಳುಗಿಸುವುದೂ ಚಿಮುಕಿಸುವುದೂ ಮತ್ತೆ ಹೊರಬಂದವು. ಅವಳು ಕೇಳಿದ್ದೇನು ಎಂಬುದು ಯಾರ ಕಿವಿಗೂ ಬಿದ್ದಿರಲಿಲ್ಲ. ಟೇಬಲ್ಲಿನ ಮುಂದೆ ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು.

ಅವಳ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿದೆ.

"ಯಾರು ಬೇಕ ನಿನಗ, ಕೂಡ ಓದಾಕ?"

"ಅಕಿ. ಸಾಲ್ಯಾಗ ನನ್ನ ಬಾಜೂ ಕುಂದರ್ತಿದ್ಲಲ್ಲ, ಅಕಿ."

"ಯಾಕ ಅಕೀನ ಬೇಕು?"

"ಮಿಸ್ ನನ್ನ ನಿಲ್ಲಿಸಿದ್ರ ಅಕಿನೂ ಬೇಕಂತ ಕನ್ನಡದಾಗ ಏನರ ಅಂತಿದ್ಲು, ಮಮ್ಮಿ. ಆಮ್ಯಾಲ ಅಕೀನೂ ನಿಲ್ಲಿಸ್ತಿದ್ರು. ಇಬ್ಬರೂ ಕೂಡೇ ನಿಲ್ತಿದ್ವಿ."

ಅಂಥ ಒಂದು ಹುಡುಗಿ ಇದ್ದಾಳೆಂದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಆ ತರಗತಿಯಲ್ಲಿ ಅವಳೊಬ್ಬಳೇ ಇರಬೇಕು. ಸಮುದ್ರದಾಚೆಗೆ ಪುಸ್ತಕ ಬರೆದವರು ಮುಳುಗಿಸುತ್ತಾರೋ ಚಿಮುಕಿಸುತ್ತಾರೋ ಎಂಬುದು ನನಗೆ ತಿಳಿದಿತ್ತು. ಈ ಹುಡುಗಿಯ ಮನೆ ಎಲ್ಲಿದೆ ಎಂಬುದು ತಿಳಿದಿರಲಿಲ್ಲ.

"ಅಕಿ ಮನಿ ಎಲ್ಲೈತಿ ಗೊತ್ತೈತೇನು?"

"ಹಲಗೇರಿ ರೋಡಿನಾಗ. ಮುಂದ ಹಿಟ್ಟಿನ ಗಿರಣಿ ಐತಿ, ಅಕಿ ಅಜ್ಜ ಅಲ್ಲೇ ಕುಂದರ್ತಾನ. ವ್ಯಾನಿನ್ಯಾಗ ಅಕಿ ಅಲ್ಲೇ ಇಳೀತಿದ್ಲು."

ಪಡಸಾಲೆ ದಾಟಿ ಹೊರಟೆವು. "ಯಾವ್ದು ಆರಿಸಿದಿ, ಹೇಳಿಹೋಗು!" ಎಂದು ಇವರು ಹಿಂದಿನಿಂದ ಕೂಗಿದರು. ಬಂದು ಹೇಳುತ್ತೇನೆ ಅಂದೆ. ಮಗಳು ಆಗಲೇ ಗೇಟು ತೆಗೆದಿದ್ದಳು. ಗಿರಣಿಯಲ್ಲಿ ಕೂತಿರುವ ಅಜ್ಜನಿಗೆ ಏನು ಹೇಳಬೇಕು, ಆ ಹುಡುಗಿಯ ಅವ್ವನಿಗೆ ಏನು ಹೇಳಬೇಕು, ತಾನೇ ಹೇಳುತ್ತೇನೆ ನೀನು ಸುಮ್ಮನಿರು ಎಂದು ನನಗೆ ತಾಕೀತು ಮಾಡುತ್ತ, ಬೀದಿಯುದ್ದಕ್ಕೂ ಮಾತಾಡುತ್ತ ಮುಂದೆ ಮುಂದೆ ನಡೆದಳು.